ಸವಾಯ್ ಸಂಸ್ಥಾನದ ಬೀಗರು

ತೊಣ್ಣೂರಿನ ಅಶೋಕನಿಗೆ ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ಮಾತೇನೋ ಬೇಕಾದಷ್ಟು ಬರುತ್ತಿತ್ತು. ಅದೊಂದು ಮಾತ್ರ ಗಂಟಲಿನಿಂದ ಈಚೆಗೆ ಹೊರಡುತ್ತಿರಲಿಲ್ಲ. ಅವನ ಸೈಕಲ್ಲನ್ನು ಸಂತೆಗೆಂದು ಒಬ್ಬ ಕೇಳಿದರೆ ಊಂ, ಅದೇ ದಿನಕ್ಕೆ ಅದೇ ಸೈಕಲ್ಲನ್ನು ಇನ್ನೊಬ್ಬ ಕೇಳಿದರೂ ಊಂ. ಆ ಬೆಳಿಗ್ಗೆ ಇಬ್ಬರೂ ಬಾಗಿಲಿಗೆ ಬಂದು ನಿಂತಾಗ ಅಶೋಕ ಹಿತ್ತಲ ಕಡೆಯಿಂದ ಜಾರಿಕೊಂಡು ಬಸ್ಸು ಹತ್ತಿರುತ್ತಿದ್ದ. ಇಂಥವನನ್ನು ಜನ ‘ಪಾಪ, ಒಳ್ಳೆಯವನು’ ಅನ್ನುತ್ತಾರೆ. ಅವನ ಜೊತೆ ಸಂಸಾರ ಮಾಡದವರು ಹಾಗೆ ಅನ್ನುವುದು ಸುಲಭ.

ಅಶೋಕ ಪಾಂಡವಪುರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ. ೧೯೯೮ರ ಬೇಸಿಗೆಯಲ್ಲಿ ಸಂಘಕ್ಕೆ ಕಂಪ್ಯೂಟರು ಬರುತ್ತದೆಂಬ ಸುದ್ದಿ ಹಬ್ಬಿತು. ಕಾರ್ಯದರ್ಶಿಗಳು, ಯಾರು ಊಂ ಅನ್ನುತ್ತಾರೆಂದು ಚೆನ್ನಾಗಿ ಬಲ್ಲವರು, ನೇರವಾಗಿ ಇವನನ್ನೇ ಕರೆದು ‘ನೀವು ಕಲ್ತ್ಕೊಂಡ್ಬುಡಿ’ ಅಂದರು. ಅಲ್ಲಿಂದ ಭಾನುವಾರ ಬಂತೆಂದರೆ ಅಶೋಕ ಶ್ರೀರಂಗಪಟ್ಟಣಕ್ಕೆ ಹೊರಡತೊಡಗಿದ. ಅಲ್ಲಿ ಅವನ ಪಿಯುಸಿ ಕಾಲದ ಗೆಳೆಯ ಮೋಹನ್ ಕುಮಾರ್ ಕಂಪ್ಯೂಟರು ಕಲಿಸುತ್ತಿದ್ದ. ಕೆಳಗೆ ಮೋಹನನ ಅಪ್ಪ ಕಾಳಪ್ಪಾಚಾರರ ಚಿನ್ನ ಬೆಳ್ಳಿ ಕೆಲಸದ ಅಂಗಡಿ, ಮೇಲಿನ ಕೋಣೆಯಲ್ಲಿ ಮಗನ ಎರಡು ಕಂಪ್ಯೂಟರು. ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಡಬೇಕು. ಧೂಳು ಬಿದ್ದರೆ ಕಂಪ್ಯೂಟರಿಗೆ ಕಾಯಿಲೆ ಬರುತ್ತದೆಂದು ಆ ಕಾಲದಲ್ಲಿ ಓದಿದವರೂ ನಂಬಿದ್ದರು. ಪೆಟ್ಟಿಗೆಗಳ ಹಣೆಗೆ ಅರಿಶಿನ ಕುಂಕುಮ, ಪರದೆಗಳ ಮೇಲೆ ಮೋಹನನ ಅಮ್ಮ ಹೊಲಿದುಕೊಟ್ಟ ಹೂವಿನ ಬಟ್ಟೆ.

ಎರಡನೇ ಭಾನುವಾರವೇ ಅಶೋಕ ಪಾಠದ ಮಧ್ಯೆ ಆಕಳಿಸಿದ.

“ಬೋರಾಯ್ತಾ ಐತಾ? ತಡಿ, ನಿಂಗೊಂದು ರಾಜ್ಯ ಕೊಡ್ತೀನಿ,” ಅಂದ ಮೋಹನ.

ಮೈಸೂರಿನಿಂದ ಅವನೊಂದು ಸಿಡಿ ತಂದಿದ್ದ. ಅದರ ಜೊತೆ ಬರಬೇಕಾದ ದಪ್ಪ ಪುಸ್ತಕ ಬಂದಿರಲಿಲ್ಲ. ಹಾಗಾಗಿ ಹೇಗೆ ಆಡಬೇಕೆಂದು ಸೋತು ಸೋತೇ ಕಲಿಯಬೇಕಿತ್ತು. ಕಾರು ಓಡಿಸುವ, ಗುಂಡು ಹಾರಿಸುವ ಆಟ ಅದಲ್ಲ. ಪರದೆ ತುಂಬ ಪ್ರಪಂಚದ ನಕ್ಷೆ. ಐನೂರು ವರ್ಷದ ಹಿಂದಿನ ಯಾವುದಾದರೂ ಒಂದು ರಾಜ್ಯವನ್ನು ಆರಿಸಿಕೊಂಡು ಅದನ್ನು ಆಳಬೇಕು. ಕಂದಾಯ ಎತ್ತಬೇಕು, ಕೋಟೆ ಕಟ್ಟಬೇಕು, ಸೈನ್ಯ ಸಾಕಬೇಕು, ಅಕ್ಕಪಕ್ಕದ ದೊರೆಗಳ ಜೊತೆ ಒಪ್ಪಂದ, ಮದುವೆ, ಜಗಳ ಎಲ್ಲವನ್ನೂ ನಿಭಾಯಿಸಬೇಕು. ಒಂದು ಆಟ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ.

ಅಶೋಕ ಮೊದಲು ಹುಡುಕಿದ್ದು ತನ್ನ ಊರನ್ನು.

“ನಮ್ದೆಲ್ಲಿ?”

“ಇದೇ ಕಣ್ಲಾ, ಈ ಬೂದಿ ಬಣ್ಣ.”

“ಬರೀ ಬೂದಿ?”

“ಆಟ ಮಾಡ್ದೋರು ಇಲ್ಲೀಗಂಟ ಬಂದಿಲ್ಲ.”

ಕಿಟಕಿಯಾಚೆ ಕೋಟೆಯ ಗೋಡೆ ಬಿಸಿಲಿನಲ್ಲಿ ಸುಡುತ್ತ ನಿಂತಿತ್ತು. ಅಶೋಕ ಅದನ್ನೊಮ್ಮೆ, ಆ ಬೂದಿಯನ್ನೊಮ್ಮೆ ನೋಡಿದ. ಕಾವೇರಿಯನ್ನು ಕೂಡ ಬರೆಯದ ಜನ ಅದೆಂಥ ನಕ್ಷೆ ಬರೆದರೋ ಎಂದು ಅವನಿಗೆ ನಿಜವಾಗಿಯೂ ಸಿಟ್ಟು ಬಂತು. ಕೊನೆಗೆ ಯುರೋಪಿನ ಮಧ್ಯೆ, ಬೆಟ್ಟಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಸವಾಯ್ ಎಂಬ ಪುಟ್ಟ ಸಂಸ್ಥಾನವನ್ನು ಆರಿಸಿಕೊಂಡ. ದೊಡ್ಡ ರಾಜ್ಯ ತಗೊಂಡರೆ ದೊಡ್ಡ ಮಾತಾಡಬೇಕಾಗುತ್ತದೆ ಎಂಬುದು ಅವನ ಲೆಕ್ಕಾಚಾರ. ಅದರ ಒಂದು ಪಕ್ಕದಲ್ಲಿ ಫ್ರಾನ್ಸು, ಇನ್ನೊಂದು ಪಕ್ಕದಲ್ಲಿ ಸ್ವಲ್ಪ ಆಚೆಗೆ ಆಸ್ಟ್ರಿಯಾ, ಎರಡೂ ಭಾರಿ ಕುಳಗಳು.

ಆಟ ಶುರುವಾದದ್ದೇ ತಡ, ಮೂಲೆಯಲ್ಲಿ ತಾರೀಕು ಓಡತೊಡಗಿತು. ಅಶೋಕ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಒಂದು ವರ್ಷ ಕಳೆದು ಬೊಕ್ಕಸ ಖಾಲಿಯಾಗಿತ್ತು.

“ಅಯ್ಯೋ, ಓಡ್ತಾ ಐತಲ್ಲೋ ಇದು!”

“ಈ ಉದ್ದದ ಕೀ ಒತ್ತು, ಕಾಲ ನಿಂತ್ಕತದೆ,” ಅಂದ ಮೋಹನ. “ಇದು ಮೊದಲ್ನೇ ಪಾಠ. ಏನೇ ಬರ್ಲಿ, ಮೊದ್ಲು ಕಾಲ ನಿಲ್ಸು. ಆಮೇಲೆ ಎದುರಿಗಿರೋನ್ಗೆ ಏನ್ ಬೇಕು ಅಂತ ನೋಡು. ಅವ್ನ ಬಾವುಟದ ಮೇಲೆ ಒತ್ತಿದ್ರೆ ಎಲ್ಲ ತೋರುಸ್ತದೆ. ಊಂ, ಉಊಂ ಅನ್ನೋದು ಕೊನೇಗೆ.”

ಅಶೋಕ ಇದಕ್ಕೂ ಊಂ ಅಂದ. ಆದರೆ ಅವನ ಕಣ್ಣು ಆಗಲೇ ಮದುವೆಯ ಬಟನ್ನಿನ ಮೇಲೆ ಬಿದ್ದಿತ್ತು. ಅವನದೇ ಮದುವೆ ಹಿಂದಿನ ಮಾಘದಲ್ಲಿ ಆಗಿದ್ದರಿಂದ ಆ ವಿಷಯದಲ್ಲಿ ಅವನು ತಿಳಿದವನು. ಸವಾಯಿಯ ಒಬ್ಬ ರಾಜಕುಮಾರಿಯನ್ನು ಫ್ರಾನ್ಸಿಗೆ ಕೊಟ್ಟ, ಇನ್ನೊಬ್ಬಳನ್ನು ಆಸ್ಟ್ರಿಯಾಕ್ಕೆ ಕೊಟ್ಟ, ಉಳಿದವರನ್ನು ಮಿಲಾನು, ಜಿನೋವಾ ಅಂತ ಸುತ್ತಮುತ್ತ ದಾಟಿಸಿದ. ಮದುವೆಯ ಜೊತೆಗೆ ‘ಕಷ್ಟ ಬಂದರೆ ಸೈನ್ಯ ಕಳಿಸುತ್ತೇನೆ’ ಎಂಬ ಮಾತನ್ನೂ ಎಲ್ಲರಿಗೂ ಕೊಟ್ಟ.

“ಬೀಗರೂಟ ಆಕಕ್ಕೆ ಯಾವ ಬಟನ್ನು?” ಎಂದು ಕೇಳಿದ.

“ಅದಿಲ್ಲ ಕಣ್ಲಾ.”

“ಬೀಗರೂಟನೇ ಇಲ್ದಿದ್ ಮ್ಯಾಲೆ ಅದೆಂತಾ ಮದ್ವೆ?”

“ಊಟ ಅತ್ಲಾಗಿರ್ಲಿ. ಎಲ್ಲಾರ್ಗೂ ಮಾತು ಕೊಡ್ಬ್ಯಾಡ. ಫ್ರಾನ್ಸಿಗೂ ಆಸ್ಟ್ರಿಯಾಕ್ಕೂ ಆಗಕಿಲ್ಲ.”

“ಅದು ಅವ್ರವ್ರ ಇಷ್ಯ. ನಮ್ಗೆ ಇಬ್ರೂ ಬೀಗ್ರೇ.”

ನಮ್ಮ ಕಡೆಯವನು ಹೀಗಲ್ಲದೆ ಬೇರೆ ಹೇಗೆ ಯೋಚಿಸಿಯಾನು? ಹೆಣ್ಣು ಕೊಟ್ಟ ಎರಡು ಮನೆಗಳು ಒಂದರ ಮುಖ ಒಂದು ನೋಡದಿದ್ದರೂ, ಒಂದು ಮನೆಯಲ್ಲಿ ತಿಂಡಿ ಮುಗಿಸಿ ಬಾಯಿ ಒರೆಸಿಕೊಂಡು ಇನ್ನೊಂದು ಮನೆಯಲ್ಲಿ ಊಟಕ್ಕೆ ಕೂರುವುದು, ಅಲ್ಲಿದ್ದುದನ್ನು ಇಲ್ಲಿ ಹೇಳದಿರುವುದು ಎಲ್ಲರೂ ಬಲ್ಲ ವಿದ್ಯೆ. ಬೀಗರು ಕರೆದರೆ ಬರುವುದಿಲ್ಲ ಅನ್ನುವವನುಂಟೆ? ಅಶೋಕ ಈ ವಿದ್ಯೆಯನ್ನು ಯುರೋಪಿಗೆ ತೆಗೆದುಕೊಂಡು ಹೋಗಿದ್ದ, ಅಷ್ಟೆ. ಜಿನೋವಾ ಕರೆದಾಗ ಸೈನ್ಯ ಕಳಿಸಿದ, ಮಿಲಾನು ಕರೆದಾಗ ಕಳಿಸಿದ. ತನಗಾಗಿ ಒಂದು ಯುದ್ಧವನ್ನೂ ಮಾಡದೆ ವಾರವಾರವೂ ಸೋಲುತ್ತಿದ್ದ. ಸಂಜೆ ಮೆಟ್ಟಿಲಿಳಿದು ಬಂದಾಗ ಕಾಳಪ್ಪಾಚಾರರು ಊದುಗೊಳವೆಯನ್ನು ಬಾಯಿಂದ ತೆಗೆದು, “ಏನ್ ಗೌಡ್ರೇ, ಇವತ್ತು ಯಾವ ದೇಶ ಓಯ್ತು?” ಎಂದು ವಿಚಾರಿಸುತ್ತಿದ್ದರು.

ಇತ್ತ ತೊಣ್ಣೂರಿನ ಮನೆಯಲ್ಲಿ ಇನ್ನೊಂದು ಕತೆ ನಡೆಯುತ್ತಿತ್ತು.

ಅಶೋಕನ ಹೆಂಡತಿ ರಂಜಿತ ನಾಗಮಂಗಲದ ಕಡೆಯ ಹುಡುಗಿ, ಟೀಚರ್ ತರಬೇತಿ ಮುಗಿಸಿದವಳು. ಪಾಂಡವಪುರದ ಒಂದು ಖಾಸಗಿ ಶಾಲೆಯವರು, ಜೂನ್ ಮೊದಲ ಸೋಮವಾರ ಶಾಲೆ ಬಾಗಿಲು ತೆಗೆಯುವ ದಿನ ಬಂದು ಸೇರಿಕೊಳ್ಳಿ, ಅವತ್ತು ಬರದಿದ್ದರೆ ಬೇರೆಯವರನ್ನು ತಗೊಳ್ಳುತ್ತೇವೆ ಎಂದಿದ್ದರು. ಅವಳು ಹಪ್ಪಳ ಒಣಗಿಸುತ್ತ ಗಂಡನನ್ನು ಕೇಳಿದಳು. ಕೇಳುವಾಗ ಅವಳ ಮುಖ ಎಷ್ಟು ಬೆಳಗಿತ್ತೆಂದರೆ, ಇಲ್ಲ ಅನ್ನಬಲ್ಲವನು ಕೂಡ ಅನ್ನುತ್ತಿರಲಿಲ್ಲ.

“ಊಂ, ಸೇರ್ಕೊ. ಅವ್ವಂಗೆ ನಾನು ಯೋಳ್ತೀನಿ,” ಅಂದ ಅಶೋಕ.

ಅವನು ಹೇಳುವ ಮೊದಲೇ ಸುದ್ದಿ ನಲ್ಲಿಕಟ್ಟೆಯಿಂದ ಅವ್ವ ಪುಟ್ಟಲಕ್ಷ್ಮಮ್ಮನ ಕಿವಿಗೆ ಬಿತ್ತು. ಗಂಡ ತೀರಿಕೊಂಡ ಮೇಲೆ ಎರಡು ಹಸು, ಒಂದು ತುಂಡು ಕಬ್ಬಿನ ಗದ್ದೆ ಇಟ್ಟುಕೊಂಡು ಮಗನನ್ನು ಓದಿಸಿದ ಹೆಂಗಸು ಆಕೆ. ಅವಳು ಗಟ್ಟಿ ದನಿಯಲ್ಲಿ ಏನನ್ನಾದರೂ ಹೇಳಿದರೆ ಅಶೋಕನ ತಲೆ ತಾನಾಗಿ ಆಡುತ್ತಿತ್ತು.

“ನಿನ್ನೆಂಡ್ರು ಇಸ್ಕೂಲ್ಗೆ ಓಯ್ತಳಂತಲ್ಲ? ಬ್ಯಾಡ ಕಣ್ಲಾ. ನಾನು ಯೋಳಿದ್ರೆ ಚೆಂದಾಗಿರಕಿಲ್ಲ, ನೀನೇ ಯೋಳ್ಬುಡು.”

“ಊಂ ಕಣವ್ವ.”

ಮನೆ ಶಾಂತವಾಗಿತ್ತು. ಅತ್ತೆಗೆ ಮಗ ಹೇಳಿದ್ದಾನೆಂಬ ನೆಮ್ಮದಿ, ಸೊಸೆಗೆ ಗಂಡ ಹೇಳಿದ್ದಾನೆಂಬ ನೆಮ್ಮದಿ. ಅಶೋಕ ಇಬ್ಬರಿಗೂ ಹೇಳಿರಲಿಲ್ಲ. ಮಳೆ ಬಂದೋ, ಬಸ್ಸು ನಿಂತೋ, ಶಾಲೆಯವರೇ ಮನಸ್ಸು ಬದಲಿಸಿಯೋ ಹೇಗೋ ಇದು ತಾನಾಗಿ ಬಗೆಹರಿಯುತ್ತದೆ ಎಂದುಕೊಂಡು ಅವನು ಭಾನುವಾರಗಳನ್ನು ಸವಾಯಿಯಲ್ಲಿ ಕಳೆದ. ಹೆಂಡತಿ ಹೊಸ ಚೀಲ ಕೊಂಡಳು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಅವನು ಹಿತ್ತಲ ಕಡೆ ಹೊರಟುಬಿಡುತ್ತಿದ್ದ.

ಮೇ ತಿಂಗಳ ಕೊನೆಯ ಭಾನುವಾರ ಫ್ರಾನ್ಸು ಆಸ್ಟ್ರಿಯಾದ ಮೇಲೆ ಯುದ್ಧ ಸಾರಿತು. ಪರದೆಯ ನಡುವೆ ಓಲೆಯಂಥ ಚೌಕ ಮೂಡಿತು: ನಿಮ್ಮ ಬೀಗರಾದ ಫ್ರಾನ್ಸ್ ದೊರೆ ಸೈನ್ಯ ಕೇಳಿದ್ದಾರೆ, ಕಳಿಸುತ್ತೀರೋ? ಅಶೋಕನ ಬೆರಳು ಅಭ್ಯಾಸಬಲದಿಂದ ಊಂ ಒತ್ತಿತು. ಹಿಂದೆಯೇ ಇನ್ನೊಂದು ಚೌಕ: ನಿಮ್ಮ ಬೀಗರಾದ ಆಸ್ಟ್ರಿಯಾ ದೊರೆ ಸೈನ್ಯ ಕೇಳಿದ್ದಾರೆ. ಅಶೋಕ ಒತ್ತಿದ, ಮತ್ತೆ ಒತ್ತಿದ.

“ಊಂ ಅನ್ನೋದು ಒತ್ತಕ್ಕಾಯ್ತಿಲ್ಲ ಕಣ್ಲಾ. ಮೌಸು ಕೆಟ್ಟೋಗದೆ.”

“ಮೌಸು ಕೆಟ್ಟಿಲ್ಲ. ಒಬ್ರಿಗೆ ಊಂ ಅಂದಾಯ್ತಲ್ಲ, ಅವ್ರ ಶತ್ರುಗೂ ಊಂ ಅಂದ್ರೆ ನಿನ್ನ ಸೈನ್ಯ ಯಾರ್ಗೆ ಒಡೀತದೆ?”

“ಇಬ್ರಿಗೂ ಅರ್ಧರ್ಧ ಕಳ್ಸಾನ.”

ಮೋಹನ ನಕ್ಕ ನಗುವಿಗೆ ಕೆಳಗೆ ಆಚಾರರ ಸುತ್ತಿಗೆ ನಿಂತುಹೋಯಿತು. ಆಮೇಲೆ ನಡೆದದ್ದು ನಗುವಂಥದ್ದಲ್ಲ. ಕೊಟ್ಟ ಮಾತಿಗೆ ತಪ್ಪಿದನೆಂದು ಆಸ್ಟ್ರಿಯಾ ಬೆಟ್ಟ ದಾಟಿ ಬಂದು ಸವಾಯಿಯ ಕೋಟೆಗಳನ್ನು ಒಂದೊಂದಾಗಿ ನುಂಗಿತು. ಫ್ರಾನ್ಸು ಸಹಾಯಕ್ಕೆ ಬರುತ್ತದೆಂದು ಅಶೋಕ ಕಾದ. ಫ್ರಾನ್ಸು ಬಂತು, ಆಸ್ಟ್ರಿಯಾದ ಜೊತೆ ಕೂತು ರಾಜಿ ಮಾಡಿಕೊಂಡಿತು, ಮತ್ತು ಆ ರಾಜಿಯಲ್ಲಿ ಎರಡೂ ಸೇರಿ ಸವಾಯಿಯನ್ನೇ ಹಂಚಿಕೊಂಡವು.

“ಇವತ್ತು ಯಾವ ದೇಶ ಗೌಡ್ರೇ?”

“ನಮ್ದೇ ಓಯ್ತು ಆಚಾರ್ರೇ.”

“ಯಾರ್ ಒಡುದ್ರು?”

“ಬೀಗ್ರು.”

ಬಸ್ಸಿನ ಕಿಟಕಿಯ ಪಕ್ಕ ಕೂತು ಗಾಳಿಗೆ ಮುಖ ಒಡ್ಡಿದ ಮೇಲೆ ಅಶೋಕನಿಗೆ ನಾಳೆ ಸೋಮವಾರ ಎಂಬುದು ನೆನಪಾಯಿತು. ಪಾಂಡವಪುರದವರೆಗೂ ಅವನು ಕಿಟಕಿಯಾಚೆ ಏನನ್ನೂ ನೋಡಲಿಲ್ಲ.

ಮನೆಗೆ ಬಂದಾಗ ರಂಜಿತ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ನಡುಮನೆಯಲ್ಲಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಪುಟ್ಟಲಕ್ಷ್ಮಮ್ಮ ಕೊಟ್ಟಿಗೆಯಿಂದ ಬಂದು ಕೈ ಒರೆಸಿಕೊಳ್ಳುತ್ತ, “ನಾಳೆ ಬೆಳಿಗ್ಗೆ ಆಲು ಡೈರಿಗೆ ಆಕ್ಬುಟ್ಟು, ಕಳೆ ಕೀಳೋರ್ಗೆ ಬುತ್ತಿ ತಗಂಡೋಗವ್ವ,” ಅಂದಳು.

“ನಾಳೆಯಿಂದ ಸ್ಕೂಲಲ್ವಾ ಅತ್ತೆ? ಇವ್ರು ನಿಮ್ಗೆ ಯೋಳಿದ್ರಲ್ಲ.”

“ನಂಗ್ಯಾಕೆ ಯೋಳ್ತನೆ? ಬ್ಯಾಡ ಅಂತ ಅವ್ನೇ ನಿಂಗೆ ಯೋಳಿದ್ನಲ್ಲ.”

ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಅಶೋಕನ ಒಂದು ಕಾಲು ಇನ್ನೂ ಹೊಸ್ತಿಲ ಆಚೆಗಿತ್ತು. ಆ ಕಾಲಿನ ಮೇಲೆ ಹಾಗೇ ತಿರುಗಿ ಹೋಗಿಬಿಡೋಣ ಎಂಬ ಆಸೆ ಅವನಿಗೆ ಬಂದದ್ದು ಸುಳ್ಳಲ್ಲ. ಈ ಮನೆಯಲ್ಲಿ ಉದ್ದದ ಕೀ ಇರಲಿಲ್ಲ, ಕಾಲ ನಿಲ್ಲುತ್ತಿರಲಿಲ್ಲ. ಆದರೂ ಆಗುವಷ್ಟು ಮಾಡೋಣವೆಂದು, “ವಸಿ ತಡೀರಿ,” ಅಂದ. ಚಪ್ಪಲಿ ಬಿಟ್ಟ. ತೊಟ್ಟಿಯ ಹತ್ತಿರ ಹೋಗಿ ಕಾಲು ತೊಳೆದ, ತೊಳೆದ ಕಾಲನ್ನೇ ಮತ್ತೆ ತೊಳೆದ. ಬಂದು ನಡುಮನೆಯ ಜಗಲಿಯ ಮೇಲೆ ಕೂತು ಬಾಯಿಬಿಟ್ಟ.

“ಇಬ್ರಿಗೂ ಊಂ ಅಂದ್ಬುಟ್ಟಿದ್ದೆ.”

ಇಬ್ಬರೂ ಒಟ್ಟಿಗೆ ಶುರು ಮಾಡಿದರು.

“ನಂಗೊಂದು, ಅತ್ತೆಗೊಂದಾ? ಚೀಲ ತಂದಾಗ್ಲೂ ನೋಡ್ಕಂಡು ಸುಮ್ಕಿದ್ರಲ್ರೀ!”

“ಇವ್ನು ಚಿಕ್ಕೋನಿಂದ್ಲೂ ಇಂಗೇ ಕಣವ್ವ. ಒಂದೇ ಕರೂನ ಇಬ್ರಿಗೆ ಕೊಡ್ತೀನಿ ಅಂದ್ಬುಟ್ಟು, ಅವ್ರು ಅಗ್ಗ ಇಡ್ಕಂಡು ಬಂದಾಗ ಅಟ್ಟ ಅತ್ತಿ ಕೂತಿದ್ದ.”

“ಅಟ್ಟಾನಾ?”

“ಸಂಜೇಗಂಟ ಇಳೀನಿಲ್ಲ.”

ಪುಟ್ಟಲಕ್ಷ್ಮಮ್ಮ ಚಾಪೆ ಹಾಸಿಕೊಂಡು ಕೂತಳು, ರಂಜಿತ ಅತ್ತೆಯ ಪಕ್ಕಕ್ಕೆ ಬಂದು ಅದೇ ಚಾಪೆಯ ಮೇಲೆ ಕೂತಳು. ಪುಟ್ಟಲಕ್ಷ್ಮಮ್ಮ ಮಗನ ಮೇಲಿನ ದೂರುಗಳನ್ನು ಒಂದೊಂದಾಗಿ ಬಿಚ್ಚಿದಳು, ಸೊಸೆ ತನ್ನ ಪಾಲಿನದನ್ನೂ ಸೇರಿಸಿದಳು. ಮದುವೆಯಾದಾಗಿನಿಂದ ಈ ಇಬ್ಬರೂ ಇಷ್ಟು ಮಾತಾಡಿಕೊಂಡದ್ದನ್ನು ಅಶೋಕ ನೋಡಿರಲಿಲ್ಲ. ಫ್ರಾನ್ಸೂ ಆಸ್ಟ್ರಿಯಾವೂ ರಾಜಿಯಾಗಿ ಸವಾಯಿಯನ್ನು ಹಂಚಿಕೊಳ್ಳುತ್ತಿದ್ದವು. ಕೋಟೆಗಳೆಲ್ಲ ಬಿದ್ದ ಮೇಲೆ ಅವನಿಗೆ ಮೋಹನ ಹೇಳಿದ್ದ ಎರಡನೇ ಪಾಠ ನೆನಪಾಯಿತು. ಬಾವುಟದ ಮೇಲೆ ಒತ್ತಿ ನೋಡಬೇಕು. ಇಷ್ಟು ದಿನವೂ ಅವನು ಅದನ್ನು ಮಾಡಿರಲಿಲ್ಲ.

“ಅವ್ವ,” ಅಂದ. “ಬ್ಯಾಡ ಅಂದಿದ್ಯಾಕೆ ನೀನು?”

ಪುಟ್ಟಲಕ್ಷ್ಮಮ್ಮ ಸೀರೆಯ ಮೇಲಿಂದಲೇ ಮಂಡಿ ಒತ್ತಿಕೊಂಡಳು.

“ಡೈರಿ ಊರ ಆ ತುದೀಲದೆ. ಕ್ಯಾನು ಇಡ್ಕಂಡು ಆ ಇಳಿಜಾರಲ್ಲಿ ಇಳಿಯಕ್ಕೆ ನಂಗಾಗಕಿಲ್ಲ ಕಣ್ಲಾ. ಇವ್ಳು ಬಂದ್ಮ್ಯಾಲೆ ಆ ನೋವೇ ಮರ್ತೋಗಿತ್ತು. ಬಸ್ಸು ಬರೋದೂ ಡೈರಿ ಬಾಗ್ಲು ತಗಿಯೋದೂ ಒಂದೇ ಒತ್ತು. ಇಸ್ಕೂಲ್ ಮ್ಯಾಲೆ ನಂಗೇನು ಕ್ವಾಪ? ಮಂಡಿ ಇಷ್ಯ ಬಾಯ್ಬುಟ್ಟು ಯೋಳಕ್ಕೆ ಒಂತರಾ ಆಯ್ತಿತ್ತು.”

“ಒಂದ್ ಮಾತು ಯೋಳ್ಬಾರ್ದಿತ್ತಾ ಅತ್ತೆ?” ಅಂದಳು ರಂಜಿತ. ಅವಳ ದನಿ ಮೆತ್ತಗಾಗಿತ್ತು.

ಅಶೋಕನಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಆ ಹಾಲಿನಿಂದಲೇ ಓದಿ ಪ್ಯಾಂಟು ಹಾಕಿಕೊಂಡವನು, ಪ್ಯಾಂಟು ಹಾಕಿಕೊಂಡ ಮೇಲೆ ಒಂದು ದಿನವೂ ಆ ಕ್ಯಾನು ಮುಟ್ಟಿರಲಿಲ್ಲ. ಊರಿನಲ್ಲಿ ನೌಕರಿಗೆ ಹೋಗುವ ಗಂಡಸರು ಯಾರೂ ಡೈರಿಯ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲಿ ನಿಂತವನನ್ನು ಹೆಂಗಸರು ಆಡಿಕೊಳ್ಳದೆ ಬಿಡುತ್ತಲೂ ಇರಲಿಲ್ಲ.

“ಬೆಳಿಗ್ಗೆ ಆಲು ನಾನಾಕ್ತೀನಿ, ಸಂಘಕ್ಕೆ ಆಮೇಲಿನ ಬಸ್ಸಿಗೆ ಓಯ್ತೀನಿ. ಇವ್ಳು ಇಸ್ಕೂಲ್ಗೆ ಓಗ್ಲಿ. ಬುತ್ತಿ ನಾಳೆ ಒಂದಿನ ಕಳೆ ಕೀಳೋರೇ ಬಂದು ತಗಂಡೋಗ್ಲಿ.”

“ನೀನಾ? ಪ್ಯಾಂಟು ಆಕ್ಕಂಡಾ?”

“ಊಂ.”

ಪುಟ್ಟಲಕ್ಷ್ಮಮ್ಮ ಮಗನನ್ನು ನಂಬದ ಕಣ್ಣಿನಿಂದ ನೋಡಿದಳು. “ಸಂಜೇದೂ ನೀನೇ ಆಕ್ತೀಯಾ?”

ಊಂ ಅನ್ನುವುದು ಆಗಲೇ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಶೋಕ ಅದನ್ನು ತಡೆದ. ಸಂಘದ ಬಾಗಿಲು ಹಾಕಿ ಅವನು ಊರು ಸೇರುವಷ್ಟರಲ್ಲಿ ಡೈರಿ ಮುಚ್ಚಿರುತ್ತಿತ್ತು. ಈಗ ಊಂ ಅಂದರೆ ಅದೂ ಹಳೆಯ ಊಂಗಳ ಸಾಲಿಗೆ ಸೇರುತ್ತಿತ್ತು.

“ಇಲ್ಲ ಕಣವ್ವ. ಸಂಜೆ ನಂಗಾಗಕಿಲ್ಲ.”

ಹೇಳಿದ ಮೇಲೆ ಏನೋ ಬೀಳುತ್ತದೆಂದು ಅವನು ಕಾದ. ಏನೂ ಬೀಳಲಿಲ್ಲ. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುತ್ತಲೇ ಇತ್ತು. ಅತ್ತೆ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು.

“ಕೇಳುಸ್ಕಂಡೇನವ್ವ? ಇವ್ನ ಬಾಯಲ್ಲೂ ಬತ್ತದೆ!” ಅಂದು ಪುಟ್ಟಲಕ್ಷ್ಮಮ್ಮ ಜೋರಾಗಿ ನಕ್ಕಳು. ನಗು ಮುಗಿದ ಮೇಲೆ ಸಮಾಧಾನದ ದನಿಯಲ್ಲಿ, “ಅಂಗಾರೆ ಬೆಳಿಗ್ಗೇದು ದಿಟವಾಗ್ಲೂ ಆಕ್ತನೆ ಬುಡು,” ಅಂದಳು.

ಆ ಮಾತು ಅಶೋಕನ ಎದೆಗೆ ನೇರವಾಗಿ ತಾಗಿತು. ಇಷ್ಟು ವರ್ಷ ಹಂಚಿದ ಊಂಗಳಲ್ಲಿ ಅವ್ವ ಒಂದನ್ನೂ ನಂಬಿರಲಿಲ್ಲ ಎಂಬುದು ಅವನಿಗೆ ಈಗ ಗೊತ್ತಾಯಿತು. ಸಂಜೆಯ ಹಾಲನ್ನು ಶಾಲೆಯಿಂದ ಬಂದು ತಾನೇ ಹಾಕುತ್ತೇನೆಂದು ರಂಜಿತ ಒಪ್ಪಿಕೊಂಡಳು. “ಆದ್ರೆ ಭಾನುವಾರ ಎರಡೊತ್ತೂ ಇವ್ರದೇ,” ಎಂದು ಒಂದು ಷರತ್ತನ್ನೂ ಸೇರಿಸಿದಳು. ಅಶೋಕ ಶ್ರೀರಂಗಪಟ್ಟಣದ ಬಸ್ಸಿನ ಹೊತ್ತನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಆಗುತ್ತದೆ ಎಂದು ಖಾತ್ರಿಯಾದ ಮೇಲೆ ಊಂ ಅಂದ.

ಮರುದಿನ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಅವನನ್ನು ಕಂಡ ಮಂಚಮ್ಮ ಎಂಬ ಮುದುಕಿ, “ಏನ್ ಅಶೋಕಪ್ಪ, ಸಂಘ ಇಲ್ಲೀಗೇ ಬಂದ್ಬುಡ್ತಾ?” ಎಂದು ಶುರು ಮಾಡಿದಳು. ಸಾಲು ಪೂರ್ತಿ ನಕ್ಕಿತು. ಅವನು ಇಳಿಜಾರಿನಲ್ಲೇ ಒಂದಿಷ್ಟು ಹಾಲನ್ನು ಪ್ಯಾಂಟಿನ ಮೇಲೆ ಚೆಲ್ಲಿಕೊಂಡಿದ್ದ. ಅಷ್ಟರಲ್ಲಿ ಪಾಂಡವಪುರದ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಕಿಟಕಿಯಲ್ಲಿ ಇಸ್ತ್ರಿ ಸೀರೆಯುಟ್ಟು, ತೊಡೆಯ ಮೇಲೆ ಹೊಸ ಚೀಲ ಇಟ್ಟುಕೊಂಡು ರಂಜಿತ ಕೂತಿದ್ದಳು. ಊರವರೆಲ್ಲ ನೋಡುತ್ತಿದ್ದುದರಿಂದ ಅವಳು ಕೈ ಬೀಸಲಿಲ್ಲ. ಒದ್ದೆ ಪ್ಯಾಂಟನ್ನು ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು, ಅಷ್ಟೆ. ಅಶೋಕ ಖಾಲಿ ಕ್ಯಾನು ಹಿಡಿದು ನಗುತ್ತಲೇ ಇಳಿಜಾರು ಏರಿ ಮನೆಗೆ ಬಂದ.

ಮುಂದಿನ ಭಾನುವಾರ ಮೋಹನ ಯಾವ ರಾಜ್ಯ ಬೇಕೆಂದು ಕೇಳಿದಾಗ ಅಶೋಕ ಮತ್ತೆ ಸವಾಯಿಯನ್ನೇ ಹಿಡಿದ. ಈ ಸಲ ಫ್ರಾನ್ಸಿಗೆ ಒಂದೇ ಹೆಣ್ಣು ಕೊಟ್ಟ, ಒಬ್ಬರಿಗೇ ಮಾತು ಕೊಟ್ಟ. ಆಸ್ಟ್ರಿಯಾದ ಓಲೆ ಬಂದಾಗ ಕಾಲ ನಿಲ್ಲಿಸಿ, ಬಾವುಟ ಒತ್ತಿ, ಆ ದೊರೆಗೆ ಏನು ಬೇಕಾಗಿದೆ ಎಂದು ಓದಿ, ಇಲ್ಲ ಅಂದ. ಆಸ್ಟ್ರಿಯಾ ಸ್ವಲ್ಪ ಮುಖ ಊದಿಸಿಕೊಂಡಿತು, ಮೇಲೆ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸವಾಯಿಯ ಬೊಕ್ಕಸ ತುಂಬಿ, ಪಕ್ಕದ ಒಂದು ಸೀಮೆಗೆ ಅದು ಮುತ್ತಿಗೆ ಹಾಕಿತ್ತು. ಇನ್ನೇನು ಕೋಟೆ ಬೀಳುವುದರಲ್ಲಿತ್ತು. ಅಶೋಕ ಗೋಡೆಯ ಗಡಿಯಾರ ನೋಡಿ, ಉದ್ದದ ಕೀ ಒತ್ತಿ, ಎದ್ದು ನಿಂತ.

“ಇನ್ನೊಂದ್ ಅರ್ಧ ಗಂಟೆ ಕೂತ್ಕಳ್ಲಾ! ಗೆಲ್ತಾ ಇದ್ದೀಯ, ಮೊದಲ್ನೇ ಸಲ ಗೆಲ್ತಾ ಇದ್ದೀಯ!”

“ಇಲ್ಲ ಕಣ್ಲಾ. ಆಗಕಿಲ್ಲ.”

ಇಷ್ಟು ವರ್ಷದ ಗೆಳೆತನದಲ್ಲಿ ಈ ಮಾತನ್ನು ಕೇಳಿರದ ಮೋಹನ ಬಾಯಿ ಬಿಟ್ಟುಕೊಂಡು ನೋಡುತ್ತ ಕೂತ. ಅಶೋಕ ದಡದಡ ಮೆಟ್ಟಿಲಿಳಿದ. ಕೆಳಗೆ ಕಾಳಪ್ಪಾಚಾರರು ಊದುಗೊಳವೆ ತೆಗೆದು, “ಏನ್ ಗೌಡ್ರೇ, ಇಷ್ಟ್ ಬ್ಯಾಗ? ಇವತ್ತು ಯಾವ ದೇಶ ಓಯ್ತು?” ಅಂದರು.

“ಯಾವ್ದೂ ಓಗಿಲ್ಲ ಆಚಾರ್ರೇ. ಅಸು ಕರ್ಯೋ ಒತ್ತಾಯ್ತು, ನಾನೇ ಓಯ್ತಾ ಇವ್ನಿ,” ಅಂದು ಅಶೋಕ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದ.